ಪ್ಲಸ್ ಟು ಮುಗಿಯಿತು, ತಂಗಿಗೆ ಎಂಎಲ್‌ಟಿ: ಮಂಗಳೂರಾ, ಕೇರಳದಲ್ಲೇನಾ?

ಬದಿಯಡ್ಕದ ಅಣ್ಣ
ಎಲ್ಲರಿಗೂ ಕಾಸರಗೋಡಿನ ಕಡೆಯಿಂದ ನಮಸ್ಕಾರ. ನನ್ನ ತಂಗಿ ಈ ಸಲ ಪ್ಲಸ್ ಟು ಸೈನ್ಸ್ ಮುಗಿಸಿದಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಯಾಲಜಿಯಲ್ಲಿ ಒಳ್ಳೆ ಮಾರ್ಕು, ಫಿಸಿಕ್ಸಿನಲ್ಲಿ ದೇವರು ಕಾಪಾಡಿದ. ನೀಟ್ ಬೇಡ ಅಂತ ಅವಳೇ ಹೇಳಿದ್ದಾಳೆ. ನರ್ಸಿಂಗ್ ಆಗಲಿ ಅಂತ ಅಮ್ಮನಿಗೆ ಆಸೆ, ಅವಳಿಗೆ ಎಂಎಲ್‌ಟಿ, ಅಂದರೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಓದಿ ಲ್ಯಾಬ್ ಟೆಕ್ನೀಷಿಯನ್ ಆಗಬೇಕು. ಅಪ್ಪನ ಶುಗರ್ ನೋಡಿಸಲು ಹೋಗಿದ್ದಾಗ ಅಲ್ಲಿಯ ಟೆಕ್ನೀಷಿಯನ್ ಅಕ್ಕ ಇವಳಿಗೆ ಒಮ್ಮೆ ಮೈಕ್ರೋಸ್ಕೋಪಿನಲ್ಲಿ ನೋಡಲು ಬಿಟ್ಟರಂತೆ. ಅವತ್ತಿನಿಂದ ಅದೇ ಜಪ.

ಈಗ ನಮ್ಮ ಪ್ರಶ್ನೆ. ಮಂಗಳೂರಿನಲ್ಲಿ ಸೇರಿಸಿದರೆ ಕುಂಬಳೆವರೆಗೆ ಬಸ್ಸು, ಅಲ್ಲಿಂದ ರೈಲು, ದಿನಾ ಮನೆಗೆ ಬರಬಹುದು. ಕೇರಳದಲ್ಲಿ ಸರಕಾರಿ ಸೀಟು ಸಿಕ್ಕಿದರೆ ಕಣ್ಣೂರೋ ಕಲ್ಲಿಕೋಟೆಯೋ, ಹಾಸ್ಟೆಲ್ ಆಗಬೇಕು. ಅವಳ ಮಲಯಾಳ ಅಂದರೆ ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು. ಡಿಪ್ಲೊಮಾ ಸಾಕಾ, ಡಿಗ್ರಿಯೇ ಬೇಕಾ? ಇನ್ನೊಂದು, ಒಬ್ಬ ಏಜೆಂಟ್ ಎರಡು ದಿನದಿಂದ ಫೋನ್ ಮಾಡುತ್ತಿದ್ದಾನೆ. ಆರು ತಿಂಗಳ ಕೋರ್ಸು, ಕೆಲಸ ಗ್ಯಾರಂಟಿ ಅಂತಾನೆ. ಗೊತ್ತಿದ್ದವರು ಹೇಳಿ.

ತಲಪಾಡಿ ಗೇಟ್
ಆರು ತಿಂಗಳಲ್ಲಿ ಗ್ಯಾರಂಟಿ ಇರುವುದು ಅವನ ಕಮಿಷನ್ನಿಗೆ ಮಾತ್ರ ಮಾರಾಯ್ರೇ.

ಹಳೇ ಸ್ಲೈಡು
ಅಣ್ಣಾ, ಆ ಫೋನನ್ನು ಮೊದಲು ಬ್ಲಾಕ್ ಮಾಡಿ, ಆಮೇಲೆ ಮಾತಾಡುವ.

ನಾನು ಲ್ಯಾಬಿನಲ್ಲಿ 19 ವರ್ಷದಿಂದ ಇದ್ದೇನೆ. ಆರು ತಿಂಗಳ ಸರ್ಟಿಫಿಕೇಟ್ ಹಿಡಿದು ಬಂದ ಮಕ್ಕಳನ್ನು ಕಂಡಿದ್ದೇನೆ. ಪಾಪ, ಅವರ ತಪ್ಪಲ್ಲ. ಟ್ಯೂಬು ತೊಳೆಯುವುದು, ಬಿಲ್ ಬರೆಯುವುದು ಮಾಡಿಸುತ್ತಾರೆ, ಮುಂದೆ ದಾರಿ ಇಲ್ಲ. 2021ರಲ್ಲಿ ಕೇಂದ್ರ ಸರಕಾರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ತಂದಿದೆ. ಲ್ಯಾಬಿನವರೂ ಅದರೊಳಗೆ ಬರುತ್ತಾರೆ. ಡಿಪ್ಲೊಮಾ ಮಟ್ಟದವರಿಗೆ ಕನಿಷ್ಠ 2000 ಗಂಟೆ ಕಲಿಕೆ ಆಗಿರಬೇಕು, ಅದೂ ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ. ಮೇಲಿನ ಮಟ್ಟಕ್ಕೆ 3600 ಗಂಟೆ, ಮೂರರಿಂದ ಆರು ವರ್ಷ. ಆರು ತಿಂಗಳು ಎಲ್ಲಿ ನಿಲ್ಲುತ್ತದೆ ನೀವೇ ಲೆಕ್ಕ ಹಾಕಿ.

ಕೇರಳದ ದಾರಿ ಹೀಗೆ. ಡಿಎಂಎಲ್‌ಟಿ, ಅಂದರೆ ಡಿಪ್ಲೊಮಾ, ಎರಡು ವರ್ಷ, ಬಿಎಸ್ಸಿ ಎಂಎಲ್‌ಟಿ ನಾಲ್ಕು ವರ್ಷ. ಬಿಎಸ್ಸಿ ಇರುವುದು ತೃಶ್ಶೂರಿನ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ. ಅಲಾಟ್‌ಮೆಂಟ್ ಮಾಡುವುದು ಕೇರಳ ಸರಕಾರದ ಎಲ್‌ಬಿಎಸ್ ಸೆಂಟರ್. ಪ್ಲಸ್ ಟುವಿನ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮಾರ್ಕು ನೋಡಿ ರ‍್ಯಾಂಕ್ ಹಾಕುತ್ತಾರೆ. ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಹೋದರೆ ಅರ್ಜಿ ತುಂಬಿಸಿ ಕೊಡುತ್ತಾರೆ. ಕೊನೇ ದಿನದವರೆಗೆ ಕಾಯಬೇಡಿ, ಆ ದಿನ ಸರ್ವರ್ ಮಲಗಿರುತ್ತದೆ.

ಕರ್ನಾಟಕದಲ್ಲಿ ಡಿಪ್ಲೊಮಾ ಪ್ಯಾರಾ ಮೆಡಿಕಲ್ ಬೋರ್ಡಿನದು, ಬಿಎಸ್ಸಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಮೂರು ವರ್ಷ ಪಾಠ, ಆಮೇಲೆ ಇಂಟರ್ನ್‌ಶಿಪ್. ಓದಿನಲ್ಲಿ ಎರಡು ಕಡೆಯೂ ದೊಡ್ಡ ವ್ಯತ್ಯಾಸ ಇಲ್ಲ. ರಕ್ತ ಎಲ್ಲಿಯೂ ಕೆಂಪೇ ಅಲ್ವಾ. ವ್ಯತ್ಯಾಸ ಬರುವುದು ಮುಗಿಸಿದ ಮೇಲೆ, ಯಾವ ಕಡೆ ಕೆಲಸಕ್ಕೆ ನಿಲ್ಲುತ್ತೀರಿ ಅನ್ನುವಾಗ.

ಕುಂಬಳೆ ಲೋಕಲ್
ಹಳೇ ಸ್ಲೈಡು ಅಕ್ಕ ಹೇಳಿದ ಕೊನೆಯ ಸಾಲು ನನ್ನ ಕಥೆ.

ನಾನು ಮಂಗಳೂರಿನಲ್ಲೇ ಡಿಪ್ಲೊಮಾ ಮಾಡಿದ್ದು. ಬೆಳಗ್ಗಿನ ರೈಲಿನಲ್ಲಿ ಉಪ್ಪಳ, ಮಂಜೇಶ್ವರದ ಅರ್ಧ ಊರೇ ಇರುತ್ತದೆ. ಪಾಠ ಚೆನ್ನಾಗಿತ್ತು, ಮನೆ ಊಟ, ಎಲ್ಲ ಸರಿ. ಮುಗಿಸಿ ಬಂದು ಕೇರಳ ಪಿಎಸ್‌ಸಿಯ ಲ್ಯಾಬ್ ಟೆಕ್ನೀಷಿಯನ್ ಗ್ರೇಡ್ ಎರಡರ ಹುದ್ದೆಗೆ ಹಾಕುವ ಅಂತ ನೋಡಿದೆ. ಪ್ಲಸ್ ಟು ಸೈನ್ಸ್ ಬೇಕು, ಮಾನ್ಯತೆ ಇರುವ ಡಿಎಂಎಲ್‌ಟಿ ಬೇಕು, ಅದರ ಜೊತೆ ಕೇರಳದ ಪ್ಯಾರಾಮೆಡಿಕಲ್ ಕೌನ್ಸಿಲ್ ರಿಜಿಸ್ಟ್ರೇಷನ್ ಬೇಕು. ಮೊದಲ ಎರಡು ಇತ್ತು ಅಂದುಕೊಂಡಿದ್ದೆ. ನಾನು ಓದಿದ ಕಾಲೇಜಿನ ಹೆಸರು ಮಾನ್ಯತೆಯ ಪಟ್ಟಿಯಲ್ಲಿ ಇರಲಿಲ್ಲ. ಸಿಲೆಬಸ್ ತನ್ನಿ, ಗಂಟೆಗಳ ಲೆಕ್ಕ ತನ್ನಿ, ಕಾಲೇಜಿನ ಸೀಲು ತನ್ನಿ. ಒಂದು ವರ್ಷ ಫೈಲು ಹಿಡಿದು ತಿರುಗಿದೆ. ಅಷ್ಟರಲ್ಲಿ ಅರ್ಜಿಯ ದಿನ ದಾಟಿತು. ಈಗ ಆಚೆ ಕಡೆ ಒಂದು ಖಾಸಗಿ ಲ್ಯಾಬಿನಲ್ಲಿ ಇದ್ದೇನೆ. ಬೇಜಾರಿಲ್ಲ, ಆದರೆ ಸೇರುವ ಮೊದಲು ಹತ್ತು ನಿಮಿಷ ವಿಚಾರಿಸಿದ್ದರೆ ಸಾಕಿತ್ತು. ತಪ್ಪು ನನ್ನದೇ, ನನಗೆ ರೈಲಿನ ಟೈಮು ಮಾತ್ರ ತಲೆಯಲ್ಲಿ ಇತ್ತು.

ಅಣ್ಣ, ಕಾಲೇಜಿನವರು "ನಮ್ಮದು ಎಲ್ಲ ಕಡೆ ನಡೆಯುತ್ತದೆ" ಅಂದರೆ ನಂಬಬೇಡಿ. ಕೇರಳದ ರಿಜಿಸ್ಟ್ರೇಷನ್ ಸಿಕ್ಕಿದ ಹಳೇ ವಿದ್ಯಾರ್ಥಿಯ ನಂಬರ್ ಕೊಡಿ ಅಂತ ಕೇಳಿ. ಕೊಟ್ಟರೆ ಒಳ್ಳೆಯದು. ತಲೆ ಕೆರೆದುಕೊಂಡರೆ ಎದ್ದು ಬನ್ನಿ.

ಹತ್ತನೇ ಕ್ಲಾಸ್ ಆದವರಿಗೂ ಕರ್ನಾಟಕದಲ್ಲಿ ಡಿಪ್ಲೊಮಾಕ್ಕೆ ಸೇರಲು ಆಗುತ್ತದೆ, ಸ್ವಲ್ಪ ಜಾಸ್ತಿ ಸಮಯ ಓದಬೇಕು. ನಮ್ಮ ಕಡೆಯ ಮಕ್ಕಳು ಅದನ್ನು ನೋಡಿ ಪ್ಲಸ್ ಟು ಬಿಟ್ಟು ಹೋಗುವುದುಂಟು. ಈಚೆ ಬಂದು ಕೆಲಸ ಮಾಡುವ ಆಸೆ ಇದ್ದರೆ ಅದು ಬೇಡ.

ಪೆರ್ಲದ ಮಾಷ್
ಭಾಷೆಯ ವಿಷಯಕ್ಕೆ ಒಂದು ಮಾತು. ನಾನು 30 ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಪಾಠ ಮಾಡಿದವನು. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ಮಂಗಳೂರಾದರೂ ಕಲ್ಲಿಕೋಟೆಯಾದರೂ. ಮೊದಲ ಆರು ತಿಂಗಳು ಕಷ್ಟ, ಆಮೇಲೆ ಪದಗಳು ಅಭ್ಯಾಸವಾಗುತ್ತವೆ. ಮಲಯಾಳ ಹಾಸ್ಟೆಲಿನಲ್ಲಿ ಮೂರು ತಿಂಗಳಿಗೆ ಬರುತ್ತದೆ. ಊಟದ ಸಾಲಿನಲ್ಲಿ ನಿಂತವರು ಹಸಿವೆಯಿಂದ ಕಲಿಯುತ್ತಾರೆ. ಕಲಿತ ಮಕ್ಕಳು ವಾಪಸ್ ಬಂದಾಗ ಕನ್ನಡ, ತುಳು, ಮಲಯಾಳ ಮೂರೂ ಗೊತ್ತಿರುವ ಟೆಕ್ನೀಷಿಯನ್ ಆಗುತ್ತಾರೆ. ನಮ್ಮ ಊರಿಗೆ ಅದು ಬೇಕು.

ಉಪ್ಪಳ ಸಿಸ್ಟರ್
ಮಾಷ್ ಹೇಳಿದ್ದು ನೂರಕ್ಕೆ ನೂರು. ನಾನು ನರ್ಸ್, ಲ್ಯಾಬಿನ ಪಕ್ಕದ ರೂಮು. ದಿನಾ ನೋಡುವ ನಾಟಕ ಹೇಳುತ್ತೇನೆ.

ಫಾಸ್ಟಿಂಗ್ ಶುಗರಿಗೆ ಒಬ್ಬರು ಅಜ್ಜಿ ಬರುತ್ತಾರೆ. "ಏನಾದರೂ ತಿಂದಿದ್ದೀರಾ?" "ಇಲ್ಲಪ್ಪ, ಏನೂ ಇಲ್ಲ." ರಕ್ತ ತೆಗೆದು ಆಗುತ್ತದೆ. ಹೊರಗೆ ಹೋಗುವಾಗ, "ಬೆಳಗ್ಗೆ ಒಂದು ಚಾಯ ಕುಡಿದದ್ದು ಅಷ್ಟೆ." ಸಕ್ಕರೆ ಹಾಕಿ. ಅವರು ಸುಳ್ಳು ಹೇಳಲಿಲ್ಲ, ಚಾಯ ಅವರಿಗೆ ತಿನ್ನುವ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿರುವ ಹುಡುಗಿ ಈಗ ಕೇಳುವುದೇ ಬೇರೆ ರೀತಿ: "ಅಜ್ಜಿ, ಚಾಯ ಆಯ್ತಾ?" ನೇರ ಉತ್ತರ ಬರುತ್ತದೆ.

ಕಫದ ಪರೀಕ್ಷೆಯೂ ಹಾಗೆಯೇ. ಡಬ್ಬ ಕೊಟ್ಟು ಕಳಿಸಿದರೆ ಉಗುಳು ತುಂಬಿಸಿ ತರುತ್ತಾರೆ. ಟಿಬಿ ನೋಡಲು ಅದರಿಂದ ಪ್ರಯೋಜನ ಇಲ್ಲ. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಉಸಿರು ಎಳೆದು, ಎದೆಯೊಳಗಿಂದ ಕೆಮ್ಮಿ ತೆಗೆಯಬೇಕು. ಇದನ್ನು ಅವರವರ ಭಾಷೆಯಲ್ಲಿ, ಬೇಕಾದರೆ ಮಾಡಿ ತೋರಿಸಿ ಹೇಳಬೇಕು. ಯಾವ ಮಿಷನ್ನೂ ಈ ಕೆಲಸ ಮಾಡುವುದಿಲ್ಲ.

ತಲಪಾಡಿ ಗೇಟ್
ಮಿಷನ್ ಅಂದಾಗ ನೆನಪಾಯಿತು. ಈಗ ಎಲ್ಲ ಮಿಷನ್ನೇ ಮಾಡುತ್ತದಲ್ಲ? ಟ್ಯೂಬು ಇಟ್ಟರೆ ಚೀಟಿ ಬರುತ್ತದೆ. ಹತ್ತು ವರ್ಷ ಆದ ಮೇಲೆ ಈ ಕೆಲಸ ಇರುತ್ತದಾ? ತಮಾಷೆಗೆ ಕೇಳುತ್ತಿಲ್ಲ.

ಹಳೇ ಸ್ಲೈಡು
ಒಳ್ಳೆ ಪ್ರಶ್ನೆ. ನಡೆದದ್ದೇ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ, ಆಟಿ ತಿಂಗಳು, ಊರಿಡೀ ಡೆಂಗಿ ಹೆದರಿಕೆ. ಒಬ್ಬರು ಕೃಷಿಕರು ಜ್ವರ ಅಂತ ಬಂದರು. ರಕ್ತ ಮಿಷನ್ನಿಗೆ ಹಾಕಿದರೆ ಪ್ಲೇಟ್‌ಲೆಟ್ 28,000. ಒಂದೂವರೆ ಲಕ್ಷಕ್ಕಿಂತ ಮೇಲೆ ಇರಬೇಕಾದದ್ದು. ಮನೆಯವರ ಮುಖ ಬಿಳಿಚಿ ಹೋಯಿತು. ಹೊರಗೆ ಜೀಪು ತಯಾರು, ಮಂಗಳೂರಿಗೆ ಕರೆದುಕೊಂಡು ಹೋಗುವುದು ಅಂತ. ನಾನು ಚೀಟಿಗೆ ಸಹಿ ಹಾಕಲು ಹೊರಟಿದ್ದೆ. ನಮ್ಮ ಹಿರಿಯ ಟೆಕ್ನೀಷಿಯನ್ ಒಬ್ಬರಿದ್ದರು, ತಲೆ ಎತ್ತದೆ ಕೇಳಿದರು, "ಸ್ಮಿಯರ್ ನೋಡಿದೆಯಾ?"

ನೋಡಿರಲಿಲ್ಲ. ಒಂದು ಹನಿ ಗಾಜಿನ ಮೇಲೆ ಇಟ್ಟು ಎಳೆದು, ಬಣ್ಣ ಹಾಕಿ ನೋಡಿದೆ. ಸ್ಮಿಯರಿನ ಬಾಲದಲ್ಲಿ ಪ್ಲೇಟ್‌ಲೆಟ್‌ಗಳು ಗುಂಪು ಗುಂಪಾಗಿ ಅಂಟಿಕೊಂಡಿದ್ದವು, ಇರುವೆಗಳು ಬೆಲ್ಲಕ್ಕೆ ಮುತ್ತಿದ ಹಾಗೆ. ಕೆಲವರ ರಕ್ತ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎಗೆ, ಅಂದರೆ ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕಕ್ಕೆ, ಹೀಗೆ ಮಾಡುತ್ತದೆ. ಮಿಷನ್ ಒಂದು ಗುಂಪನ್ನು ಒಂದೊಂದಾಗಿ ಬಿಡಿಸಿ ಎಣಿಸುವುದಿಲ್ಲ, ಲೆಕ್ಕದಿಂದಲೇ ಬಿಟ್ಟುಬಿಡುತ್ತದೆ. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೊಮ್ಮೆ ರಕ್ತ ತೆಗೆದೆವು. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರಾವಣ ಇರುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು. ಗುಣಿಸಿದರೆ 1,90,000. ಜೀಪಿನವನಿಗೆ ಚಾಯ ಕೊಟ್ಟು ಕಳಿಸಿದರು.

ಮಿಷನ್ ಸುಳ್ಳು ಹೇಳಿದ್ದಲ್ಲ, ಅದಕ್ಕೆ ಸಿಕ್ಕಿದ್ದನ್ನು ಎಣಿಸಿತು. ಅದಕ್ಕೆ ಎಂತ ಕೊಟ್ಟಿದ್ದೇವೆ ಅಂತ ಗೊತ್ತಿರಬೇಕಾದವರು ನಾವು. ಹತ್ತು ವರ್ಷದ ನಂತರವೂ ಆ ಕೆಲಸ ಇರುತ್ತದೆ.

ಅದಕ್ಕೇ ನಾನು ಯಾರು ಕೇಳಿದರೂ ಹೇಳುವುದು ಇಷ್ಟು. ರಿಜಿಸ್ಟ್ರೇಷನ್ ನೋಡಿ, ಅದಾದ ಮೇಲೆ ಕಾಲೇಜಿನ ಕಟ್ಟಡ ನೋಡಬೇಡಿ, ಅದಕ್ಕೆ ಸೇರಿದ ಆಸ್ಪತ್ರೆಯ ಲ್ಯಾಬ್ ನೋಡಿ. ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತದೆ ಕೇಳಿ. ವಿದ್ಯಾರ್ಥಿಗಳ ಕೈಗೆ ಕೊಡುತ್ತಾರಾ, ದೂರ ನಿಲ್ಲಿಸಿ ತೋರಿಸುತ್ತಾರಾ ಕೇಳಿ. ಸ್ಮಿಯರ್ ಎಳೆಯುವುದು ಪುಸ್ತಕದಲ್ಲಿ ನಾಲ್ಕು ಸಾಲು. ಕಡ್ಡಿಪೆಟ್ಟಿಗೆಯ ಕಡ್ಡಿಯ ತಲೆಯಷ್ಟು ಹನಿ, ಇನ್ನೊಂದು ಗಾಜನ್ನು ಸುಮಾರು 30ರಿಂದ 45 ಡಿಗ್ರಿಗೆ ಬಾಗಿಸಿ ಹನಿಗೆ ತಾಗಿಸಿ, ರಕ್ತ ಅಂಚಿಗೆ ಹರಡಿದ ಕೂಡಲೇ ಮುಂದೆ ತಳ್ಳುವುದು. ನಿಲ್ಲಿಸಿದರೆ ಅಲೆ, ಒತ್ತಿದರೆ ಗೆರೆ, ನಿಧಾನವಾದರೆ ತೆಳು. ನಾಲಿಗೆಯ ಆಕಾರ ಬರಬೇಕು, ತುದಿಯಲ್ಲಿ ಗರಿಯಂತೆ ತೆಳುವಾಗಬೇಕು. ನನ್ನ ಮೊದಲ ನೂರು ಸ್ಲೈಡು ಕಸದ ಬುಟ್ಟಿಗೆ ಹೋಗಿವೆ. ನಮ್ಮ ಜೂನ್ ತಿಂಗಳಲ್ಲಿ ಇನ್ನೊಂದು ಪೇಚಾಟ, ಸ್ಮಿಯರ್ ಒಣಗುವುದೇ ಇಲ್ಲ. ತೇವದಲ್ಲಿ ನಿಧಾನ ಒಣಗಿದರೆ ಕೆಂಪು ಕಣಗಳಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಹೊಸಬರು ಅದನ್ನು ಮಲೇರಿಯಾ ಅಂದುಕೊಂಡು ಓಡಿ ಬರುತ್ತಾರೆ. ನಾನೂ ಓಡಿದ್ದೆ.

ಇನ್ನೊಂದು, ಸಣ್ಣದು. ಲ್ಯಾಬಿಗೆ ಹೋದಾಗ ಇಎಸ್‌ಆರ್ ಸ್ಟ್ಯಾಂಡ್, ಅಂದರೆ ಕೆಂಪು ಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತದೆ ಅಂತ ನೋಡುವ ಕೊಳವೆಯ ಸ್ಟ್ಯಾಂಡ್, ನೇರ ನಿಂತಿದೆಯಾ ನೋಡಿ. ಆ ಕೊಳವೆ ಮೂರು ಡಿಗ್ರಿ ವಾಲಿದರೂ ರಿಸಲ್ಟ್ ಶೇಕಡಾ 30ರವರೆಗೆ ಏರಬಹುದು. ಸ್ಟ್ಯಾಂಡ್ ವಾಲಿದ್ದರೂ ಗಮನಿಸದವರು ನಿಮ್ಮ ತಂಗಿಗೆ ಏನು ಕಲಿಸುತ್ತಾರೆ?

ಪೆರ್ಲದ ಮಾಷ್
ಕಣಗಳನ್ನು ಕಣ್ಣಿನಿಂದಲೇ ಗುರುತಿಸುವುದು ಹೇಗೆ ಅಂತ ನನಗೆ ಆಶ್ಚರ್ಯ ಇತ್ತು. ಆಮೇಲೆ ನೆನಪಾಯಿತು, ನಮ್ಮ ಮನೆಯಲ್ಲಿ ಅಡಿಕೆ ಸುಲಿದ ಮೇಲೆ ನನ್ನ ಅತ್ತೆ ರಾಶಿಗೆ ಕೈ ಹಾಕಿ ಪಟೋರ, ಕೋಕ, ಒಳ್ಳೆಯದು ಅಂತ ಮಾತಾಡುತ್ತಲೇ ಬೇರೆ ಮಾಡುತ್ತಿದ್ದರು. ನಮಗೆ ಎಲ್ಲ ಒಂದೇ ತರ ಕಾಣುತ್ತಿತ್ತು.

ಹಳೇ ಸ್ಲೈಡು
ಮಾಷ್, ಅದೇ. ನೂರು ಬಿಳಿ ಕಣ ಎಣಿಸಿ ಯಾವುದು ಎಷ್ಟು ಅಂತ ಬೇರೆ ಮಾಡುವಾಗ ಒಳಗೆ ನಡೆಯುವುದು ಅಡಿಕೆ ವಿಂಗಡಣೆಯೇ.

ಶಾರ್ಜಾದಿಂದ
ಗಲ್ಫ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ಕಾಸರಗೋಡಿನವರೇನಾ ನೀವು?

ನಾನು ಬಿಎಸ್ಸಿ ಎಂಎಲ್‌ಟಿ ಮಾಡಿ, ಊರಲ್ಲಿ ಕೆಲಸ ಮಾಡಿ, ಆಮೇಲೆ ಬಂದದ್ದು. ಇಲ್ಲಿ ಲೈಸೆನ್ಸ್ ಇಲ್ಲದೆ ಲ್ಯಾಬಿನೊಳಗೆ ಕಾಲಿಡಲು ಆಗುವುದಿಲ್ಲ. ಪರೀಕ್ಷೆ ಬರೆಯಬೇಕು. ಅದಲ್ಲದೆ ಡೇಟಾಫ್ಲೋ ಅಂತ ಉಂಟು, ಅವರು ನಿಮ್ಮ ಸರ್ಟಿಫಿಕೇಟ್ ನಿಜವಾ ಅಂತ ಕಾಲೇಜಿಗೇ, ಕೌನ್ಸಿಲಿಗೇ ಬರೆದು ಕೇಳುತ್ತಾರೆ. ಅನುಭವದ ಪತ್ರವನ್ನೂ ಬಿಡುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಸಣ್ಣ ಲ್ಯಾಬ್ ಒಂದು ಮುಚ್ಚಿ ಹೋಗಿತ್ತು, ಆ ಒಂದೂವರೆ ವರ್ಷ ಲೆಕ್ಕಕ್ಕೇ ಬರಲಿಲ್ಲ. ಹೊರಗೆ ಹೋಗುವ ಯೋಚನೆ ಇದ್ದರೆ ಡಿಗ್ರಿ ಒಳ್ಳೆಯದು. ಬೇಗ ದುಡಿಯಬೇಕು ಅಂದರೆ ಡಿಪ್ಲೊಮಾ. ಆದರೆ ಊರಿನ ಸಣ್ಣ ಲ್ಯಾಬಿನಲ್ಲಿ ಮೊದಲ ಸಂಬಳ ಕೇಳಿ ಅಳಬೇಡಿ, ಪೆಟ್ರೋಲಿಗೆ ಮತ್ತು ಮೊಬೈಲಿಗೆ ಸರಿಯಾಗುತ್ತದೆ.

ತಲಪಾಡಿ ಗೇಟ್
ಗಡಿ ದಾಟಿ ದಿನಾ ಓಡಾಡುವವರಿಗೆ ಇನ್ನೊಂದು ನೆನಪು. 2020ರ ಮಾರ್ಚಿನಲ್ಲಿ ತಲಪಾಡಿ ಮುಚ್ಚಿದಾಗ ಮಂಗಳೂರಿನಲ್ಲಿ ಓದುವ ಮಕ್ಕಳು ಮಾತ್ರ ಅಲ್ಲ, ಆಂಬ್ಯುಲೆನ್ಸ್ ಕೂಡ ಈಚೆಯೇ ನಿಂತಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡವನ್ನು ಆ ಏಪ್ರಿಲಿನಲ್ಲೇ ಕೋವಿಡ್ ಆಸ್ಪತ್ರೆ ಮಾಡಿದರು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಲ್ಯಾಬಿನಲ್ಲೂ ಸ್ಯಾಂಪಲ್ ನೋಡಿದರು. ಈಚೆ ಕಡೆ ಲ್ಯಾಬಿನವರು ಎಷ್ಟು ಜನ ಬೇಕು ಅಂತ ಆಗ ಗೊತ್ತಾದದ್ದು.

ಬದಿಯಡ್ಕದ ಅಣ್ಣ
ಇಷ್ಟೆಲ್ಲ ಬರೆದದ್ದಕ್ಕೆ ಉಪಕಾರ ಆಯ್ತು. ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡಿದ್ದಾಳೆ. ಇನ್ನು ಅವಳೇ ಕೇಳುತ್ತಾಳಂತೆ.

ಬದಿಯಡ್ಕದ ಅಣ್ಣ
ನಾನು ತಂಗಿ. ಅಕ್ಕ, ನನಗೆ ಒಂದೇ ಹೆದರಿಕೆ. ಯಾರಿಗಾದರೂ ಸೂಜಿ ಚುಚ್ಚುವಾಗ ಕೈ ನಡುಗಿದರೆ? ಮತ್ತೆ ನನಗೇ ಚುಚ್ಚಿಕೊಂಡರೆ?

ಹಳೇ ಸ್ಲೈಡು
ನಡುಗುತ್ತದೆ ಮಗಾ, ಎಲ್ಲರಿಗೂ. ಮೊದಲು ರಬ್ಬರಿನ ಕೈ, ಆಮೇಲೆ ಕ್ಲಾಸಿನ ಗೆಳತಿಯ ಕೈ. ಅವಳು ನಿನಗೂ ಚುಚ್ಚಬೇಕಲ್ಲ, ಇಬ್ಬರೂ ಜಾಗ್ರತೆಯಾಗಿ ಕಲಿಯುತ್ತೀರಿ. ರಕ್ತನಾಳವನ್ನು ಕಣ್ಣಿನಿಂದ ಹುಡುಕಬೇಡ, ಬೆರಳಿನಿಂದ ಹುಡುಕು. ಒತ್ತಿ ಬಿಟ್ಟರೆ ಪುಟಿಯುತ್ತದೆ. ಕೈಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ. ಸೂಜಿ ಹೊರಗೆ ತೆಗೆಯುವ ಮೊದಲು ಪಟ್ಟಿ ಬಿಚ್ಚಬೇಕು, ಇಲ್ಲದಿದ್ದರೆ ತೋಳಿಡೀ ನೀಲಿ. ಟ್ಯೂಬಿನ ಸಾಲು ತಪ್ಪಬಾರದು, ಸಿಟ್ರೇಟ್ ಮೊದಲು, ಸೀರಮ್ಮಿನದು ಆಮೇಲೆ, ಇಡಿಟಿಎ ಅದರ ನಂತರ. ಒಬ್ಬ ಹುಡುಗ ಸೀರಮ್ ಟ್ಯೂಬಿಗೆ ರಕ್ತ ಸಾಲದು ಅಂತ ನೇರಳೆ ಟ್ಯೂಬಿನಿಂದ ಸ್ವಲ್ಪ ಸುರಿದಿದ್ದ. ಅದರಲ್ಲಿರುವುದು ಪೊಟ್ಯಾಸಿಯಂ ಲವಣ ಅಲ್ವಾ, ಪೊಟ್ಯಾಸಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ಆ ರಿಪೋರ್ಟಿನ ಪ್ರಕಾರ ರೋಗಿ ಬದುಕಿರಲೇಬಾರದಿತ್ತು. ಅವರು ಹೊರಗೆ ಬೆಂಚಿನಲ್ಲಿ ಕೂತು ಬನ್ಸ್ ತಿನ್ನುತ್ತಿದ್ದರು.

ಕುಂಬಳೆ ಲೋಕಲ್
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ನನಗೆ ಚುಚ್ಚಿದೆ. ಎರಡನೇ ವರ್ಷದಲ್ಲಿ, ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ. ಹಾಗೆ ಹಾಕಲೇಬಾರದು, ನೇರ ಸೂಜಿ ಕತ್ತರಿಸುವ ಹಬ್ ಕಟ್ಟರಿಗೆ, ಅಲ್ಲಿಂದ ಬಿಳಿ ಡಬ್ಬಕ್ಕೆ. ನಮಗೆ ಕಲಿಸಿದ್ದರು, ನಾನು ಅವಸರ ಮಾಡಿದ್ದು. ಚುಚ್ಚಿದ ಬೆರಳನ್ನು ಹಿಂಡಬಾರದು, ಬಾಯಿಗೆ ಹಾಕಬಾರದು. ಸೋಪು ನೀರಿನಿಂದ ತೊಳೆದು ಕೂಡಲೇ ಹೇಳಬೇಕು. ಬೈಯುತ್ತಾರೆ ಅಂತ ನಾನು ಸಂಜೆಯವರೆಗೆ ಬಾಯಿ ಬಿಡಲಿಲ್ಲ, ಅದು ದೊಡ್ಡ ತಪ್ಪು. ಎಚ್‌ಐವಿ ತಡೆಯುವ ಔಷಧ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ಕೊನೇ ಗಡಿ, 28 ದಿನ ತಿನ್ನಬೇಕು. ನನಗೆ ಏನೂ ಆಗಲಿಲ್ಲ. ಆದರೆ ಆ ದಿನಗಳಲ್ಲಿ ಮನೆಯಲ್ಲಿ ಯಾರ ಮುಖವನ್ನೂ ನೋಡಿ ಮಾತಾಡಲು ಆಗುತ್ತಿರಲಿಲ್ಲ.

ಕಾಲೇಜಿಗೆ ಸೇರುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡು. ಮೂರು ಡೋಸ್, ಮೊದಲನೆಯದು ಆಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಬದಿಯಡ್ಕದ ಅಣ್ಣ
ತಂಗಿಯೇ ಬರೆಯುತ್ತಿದ್ದೇನೆ, ಮೂರು ವಾರ ಆಯಿತು. ಅಕ್ಷಯದಲ್ಲಿ ಎಲ್‌ಬಿಎಸ್ ಅರ್ಜಿ ಹಾಕಿದೆವು, ಡಿಪ್ಲೊಮಾಕ್ಕೂ ಡಿಗ್ರಿಗೂ. ಲಸಿಕೆಯ ಮೊದಲ ಡೋಸ್ ಆಯ್ತು. ಸೀಟು ಸಿಗದಿದ್ದರೆ ಅಂತ ಅಣ್ಣನ ಜೊತೆ ಎರಡು ಖಾಸಗಿ ಕಾಲೇಜುಗಳಿಗೂ ಹೋಗಿ ಬಂದೆ. ಮೊದಲನೆಯದರಲ್ಲಿ ಹಳೇ ವಿದ್ಯಾರ್ಥಿಯ ನಂಬರ್ ಕೇಳಿದ್ದಕ್ಕೆ ಫೀಸಿನ ಕಾಗದ ಕೊಟ್ಟರು. ಎರಡನೆಯದರಲ್ಲಿ ಎರಡು ನಂಬರ್ ಕೊಟ್ಟರು, ಇಬ್ಬರೂ ಫೋನ್ ಎತ್ತಿದರು, ಇಬ್ಬರಿಗೂ ಈಚೆ ಕಡೆಯ ರಿಜಿಸ್ಟ್ರೇಷನ್ ಆಗಿದೆ. ಲ್ಯಾಬಿನ ಒಳಗೂ ಬಿಟ್ಟರು. ಒಬ್ಬಳು ಸೀನಿಯರ್ ಸ್ಮಿಯರ್ ಎಳೆದು ತೋರಿಸಿದಳು. ನನಗೂ ಒಂದು ಗಾಜು ಕೊಟ್ಟಳು. ನನ್ನದು ನಾಲಿಗೆ ಆಗಲಿಲ್ಲ, ದೋಸೆ ಆಯ್ತು.

ಹಳೇ ಸ್ಲೈಡು
ಇನ್ನು ತೊಂಬತ್ತೊಂಬತ್ತು ಬಾಕಿ. ಇಎಸ್‌ಆರ್ ಸ್ಟ್ಯಾಂಡ್ ನೋಡಿದೆಯಾ?

ಬದಿಯಡ್ಕದ ಅಣ್ಣ
ನೋಡಿದೆ ಅಕ್ಕ. ಹಳೇ ಮೇಜು, ಒಂದು ಕಾಲು ಗಿಡ್ಡ. ಅದರ ಅಡಿಗೆ ಬಸ್ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಸ್ಟ್ಯಾಂಡ್ ನೇರ ಇತ್ತು.

ಹಳೇ ಸ್ಲೈಡು
ಆ ಟಿಕೆಟ್ ಇಟ್ಟದ್ದು ಯಾರು ಅಂತ ಕೇಳಿಕೋ. ಅಲ್ಲಿ ಸೇರಿದರೆ ಅವರ ಪಕ್ಕದ ಸ್ಟೂಲಿನಲ್ಲಿ ಕೂರು.